ಫಿಲ್ಟರಿಗೆ ಹಚ್ಚಿದ ಎಣ್ಣೆ

ಮುನವಳ್ಳಿಯ ಬಾಬಾಜಾನನಿಗೆ ಎರಡು ಕಾಯಿಲೆ. ಒಂದು ಸಕ್ಕರೆಯದು, ಅದಕ್ಕೆ ಗುಳಿಗೆ ಇದೆ. ಇನ್ನೊಂದು, ಗಾಡಿಯ ಬಾನೆಟ್ಟು ಕಂಡರೆ ಎತ್ತದೆ ಇರಲಾಗದ್ದು. ಅದಕ್ಕೆ ಹೆಂಡತಿ ಹಾಜಿರಾಬಿಯ ಬೈಗುಳವೊಂದೇ ಔಷಧ, ಅದೂ ಮೂವತ್ತು ವರ್ಷದಿಂದ ನಾಟಿಲ್ಲ. ಮೊದಲು ಟ್ರ್ಯಾಕ್ಟರ್, ಆಮೇಲೆ ಟ್ರ್ಯಾಕ್ಸ್ ಜೀಪು ಓಡಿಸಿದವನು. ಎರಡನ್ನೂ ಅಂಗಳದಲ್ಲೇ ಬಿಚ್ಚಿ ಅಂಗಳದಲ್ಲೇ ಜೋಡಿಸಿದವನು. ಊರವರು ಉಸ್ತಾದ್ ಎಂದು ಕರೆಯುವುದು ಸುಮ್ಮನೆ ಅಲ್ಲ. ಆ ಹೆಸರೇ ಈ ಸಲ ಅವನನ್ನು ಪೇಚಿಗೆ ಸಿಕ್ಕಿಸಿದ್ದು.

ಈಗಿರುವುದು ಏಳು ಸೀಟಿನ ಡೀಸೆಲ್ ಗಾಡಿ, ಎರಡನೇ ಕೈಯದು. ಮಂಗಳವಾರ ಮತ್ತು ಶನಿವಾರ ಅದು ಬೇರೆ ಬಾಡಿಗೆಗೆ ಹೋಗುವುದಿಲ್ಲ. ಸಿರಸಂಗಿಯ ಪದ್ಮವ್ವನ ಎರಡೂ ಕಿಡ್ನಿ ಹೋಗಿವೆ. ವಾರಕ್ಕೆರಡು ಬಾರಿ ಧಾರವಾಡದ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಅಂಗನವಾಡಿಯಲ್ಲಿ ಕಲಿಸುತ್ತಿದ್ದವಳಾದ್ದರಿಂದ ಎಲ್ಲರಿಗೂ ಅವಳು ಅಕ್ಕೋರು, ಬಾಬಾಜಾನನಿಗೂ. ಎರಡು ವರ್ಷದಲ್ಲಿ ಒಂದು ದಿನವೂ ಅವನಾಗಿ ತಪ್ಪಿಸಿರಲಿಲ್ಲ. ಒಮ್ಮೆ ಬಂದ್ ಆಗಿ ರಸ್ತೆ ಮುಚ್ಚಿ ಒಂದು ಸರದಿ ತಪ್ಪಿದಾಗ ಅವಳು ಮಲಗಲಾರದೆ ಕುಳಿತೇ ಉಸಿರಿಗೆ ಒದ್ದಾಡಿದ್ದನ್ನು ಅವನು ಕಣ್ಣಾರೆ ಕಂಡಿದ್ದ.

ಸಿರಸಂಗಿಯ ರಸ್ತೆಯನ್ನು ಅಗೆದು ಹಾಕಿದ್ದಾರೆ. ದೂಳು ಸೀಟಿನ ಹೊಲಿಗೆಯೊಳಗೂ ಕೂತಿದೆ. ಕಳೆದ ಸೋಮವಾರ ಬಾಬಾಜಾನ ಬಾನೆಟ್ಟು ಎತ್ತಿ, ಏರ್ ಫಿಲ್ಟರ್ ತೆಗೆದು, ನೆಲಕ್ಕೆ ಬಡಿದು ಝಾಡಿಸಿದ. ಹಳೆಯ ಟ್ರ್ಯಾಕ್ಟರಿನ ಫಿಲ್ಟರಿನ ತಳದಲ್ಲಿ ಎಣ್ಣೆ ಇರುತ್ತದೆ, ದೂಳು ಅದಕ್ಕೆ ಅಂಟಿ ಅಲ್ಲೇ ಉಳಿಯುತ್ತದೆ. ಇದಕ್ಕೂ ಒಂದಿಷ್ಟು ಇರಲಿ ಎಂದು ಎಂಜಿನ್ ಆಯಿಲಿನಲ್ಲಿ ಬಟ್ಟೆ ಅದ್ದಿ ಕಾಗದದ ಆ ಫಿಲ್ಟರಿಗೆ ಚೆನ್ನಾಗಿ ಬಳಿದ. ಹಾಜಿರಾಬಿ ಬಾಗಿಲಲ್ಲಿ ನಿಂತು, ಗೊತ್ತಿಲ್ಲದ ಗಾಡಿಯ ಹೊಟ್ಟೆಗೆ ಕೈ ಹಾಕಬೇಡಿ ಎಂದಳು. ಅವನು ಅತ್ತರು ಹಚ್ಚಿದಷ್ಟು ಪ್ರೀತಿಯಿಂದ ಇನ್ನೊಂದು ಕೈ ಹಚ್ಚಿದ.

ಮಂಗಳವಾರ ಬೆಳಗ್ಗೆ, ಪದ್ಮವ್ವ ಹಿಂದಿನ ಸೀಟಿನಲ್ಲಿದ್ದಾಗಲೇ, ಮೀಟರಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹತ್ತಿತು. ನವಿಲುತೀರ್ಥದ ಏರಿಗೆ ಬಂದರೆ ಗಾಡಿ ಎಳೆಯಲೇ ಒಲ್ಲದು. ಎಕ್ಸಲರೇಟರ್ ಒತ್ತಿದರೆ ಹಿಂದೆ ಕರಿ ಹೊಗೆ, ಮುಂದೆ ಎತ್ತಿನ ನಡಿಗೆ. ಧಾರವಾಡ ಮುಟ್ಟುವಾಗ ಒಂದು ತಾಸು ತಡವಾಗಿತ್ತು. ಅವಳಿಗೆ ನಾಲ್ಕು ತಾಸಿನ ಬದಲು ಮೂರೇ ತಾಸು ಮಷಿನ್ ಸಿಕ್ಕಿತು. ಹಿಂದಿನ ದಿನ ಬಳಿದ ಎಣ್ಣೆ ನೆನಪಾದರೂ, ಡೀಸೆಲ್ ಕಲಬೆರಕೆ ಇದ್ದಂತಿದೆ ಎಂದು ಬಾಬಾಜಾನ ಹೇಳಿದ. ಪದ್ಮವ್ವ ಹ್ಞೂಂ ಎಂದಳು. ಆ ಹ್ಞೂಂ ಅವನನ್ನು ಮೂರು ದಿನ ತಿಂದಿತು.

ಶುಕ್ರವಾರ ನಮಾಜು ಮುಗಿದ ಕೂಡಲೇ ಅವನು ಸವದತ್ತಿಗೆ ಹೋದ. ಅಲ್ಲಿ ಗೆಳೆಯ ಕಾಂತೇಶನ ಮಗಳು ರೇಣು ಗ್ಯಾರೇಜ್ ನಡೆಸುತ್ತಾಳೆ. ಡಿಪ್ಲೊಮಾ ಓದಿದವಳು, ಸ್ಕ್ಯಾನರ್ ಇಟ್ಟುಕೊಂಡವಳು. ಚಿಕ್ಕಂದಿನಲ್ಲಿ ಇವನ ಟ್ರ್ಯಾಕ್ಸಿನ ಹಾರ್ನ್ ಒತ್ತಿ ಒತ್ತಿ ಕೆಡಿಸಿದ್ದವಳೂ ಅವಳೇ. ಸ್ಟೇರಿಂಗ್ ಕೆಳಗೆ ವೈರು ಚುಚ್ಚಿ ಪರದೆ ನೋಡಿದಳು. ಒಳಗೆ ಹೋಗುವ ಗಾಳಿಯನ್ನು ಅಳೆಯುವ ಸೆನ್ಸರ್ ತಪ್ಪು ಲೆಕ್ಕ ಕೊಡುತ್ತಿದೆ ಎಂದು ಕೋಡ್ ಬಂದಿತ್ತು. ಸೆನ್ಸರೇ ಹೋಗಿದ್ದರೆ ಹುಬ್ಬಳ್ಳಿಯಿಂದ ತರಿಸಬೇಕು, ಸೋಮವಾರ ಆಗುತ್ತದೆ ಎಂದಳು. ಬಾಬಾಜಾನ ಬೆರಳು ಮಡಚಿ ದಿನ ಎಣಿಸಿದ. ಶನಿವಾರ ನಾಳೆಯೇ.

"ಚಾಚಾ, ಮನ್ಯಾಗ ಏನಾರ ಬಿಚ್ಚೀರೇನ್ರಿ?"

"ಏನೂ ಇಲ್ಲ ಬೇಟಿ."

ಅವಳು ಇನ್ನೆರಡು ಸಲ ಬೇರೆ ಬೇರೆ ಮಾತಿನಲ್ಲಿ ಅದನ್ನೇ ಕೇಳಿದಳು. ಅವನು ಎರಡೂ ಸಲ ಅದನ್ನೇ ಹೇಳಿದ. ಹಾರ್ನ್ ಒತ್ತುತ್ತಿದ್ದ ಹುಡುಗಿಯ ಮುಂದೆ ಉಸ್ತಾದ್ ತಪ್ಪೊಪ್ಪಿಕೊಳ್ಳುವುದು ಹೇಗೆ? ರೇಣು ಕೋಡ್ ಅಳಿಸಿ, ನವಿಲುತೀರ್ಥದವರೆಗೆ ಹೋಗಿ ಬನ್ನಿ, ಮತ್ತೆ ಹತ್ತಿದರೆ ನೋಡೋಣ ಎಂದಳು.

ದೀಪವಿಲ್ಲದ ಮೀಟರ್ ನೋಡಿ ಅವನಿಗೆ ಹೋದ ಜೀವ ಬಂದಂತಾಯಿತು. ಆದರೆ ನವಿಲುತೀರ್ಥದ ಡ್ಯಾಮಿನ ಹತ್ತಿರದ ಏರಿನಲ್ಲಿ ಗಾಡಿ ಮತ್ತೆ ಏದುಸಿರು ಬಿಟ್ಟಿತು, ದೀಪ ಹತ್ತಿತು. ಪಕ್ಕಕ್ಕೆ ನಿಲ್ಲಿಸಿ ಕುಳಿತ. ನಾಳೆಗೆ ಬೇರೆ ಗಾಡಿ ಹುಡುಕಿ ಇಬ್ಬರಿಗೆ ಫೋನ್ ಹಚ್ಚಿದ. ಇಬ್ಬರ ಗಾಡಿಗಳೂ ಮದುವೆಗೆ ಬುಕ್ ಆಗಿದ್ದವು. ಬಸ್ಸಿನ ನೂಕುನುಗ್ಗಲಿನಲ್ಲಿ ಪದ್ಮವ್ವ ನಿಲ್ಲಲಾರಳು. ಉಸಿರಿಗಾಗಿ ಗೋಡೆ ಹಿಡಿದು ಕುಳಿತಿದ್ದ ಅವಳ ಮುಖ ಕಣ್ಣ ಮುಂದೆ ಬಂತು. ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಗಾಡಿ ತಿರುಗಿಸಿದ.

ಮತ್ತೆ ಹತ್ತಿದ ದೀಪ ನೋಡಿ ರೇಣು ಸೆನ್ಸರಿಗೆ ಆರ್ಡರ್ ಹೇಳಲು ಫೋನ್ ಎತ್ತಿಕೊಂಡಳು. ಬಾಬಾಜಾನ ನೆಲ ನೋಡುತ್ತ, ಫಿಲ್ಟರಿಗೆ ಆಯಿಲ್ ಹಚ್ಚಿದ್ದೆ ಎಂದ. ಅವಳು ನಗುತ್ತಾಳೆಂದುಕೊಂಡಿದ್ದ. ಅವಳು ನಗಲಿಲ್ಲ, ಫೋನ್ ಕೆಳಗಿಟ್ಟಳು.

"ಗಾಳಿ ಲೆಕ್ಕಾ ತಪ್ಪೇತಿ ಅಂತಷ್ಟ ಈ ಮಷಿನ್ ಹೇಳತೈತ್ರಿ ಚಾಚಾ. ಯಾಕ ತಪ್ಪೇತಿ ಅನ್ನೂದು ನೀವ ಹೇಳಬೇಕ. ಹೊಸಾ ಸೆನ್ಸರ್ ಹಾಕಿದ್ರೂ ಅದ ಎಣ್ಣಿ ಕುಡದು ಮತ್ತ ಕೆಡತಿತ್ತು."

ಡಬ್ಬಿ ಬಿಚ್ಚಿದರೆ ಫಿಲ್ಟರ್ ಎಣ್ಣೆಯಿಂದ ತೊಯ್ದಿತ್ತು. ಸೆನ್ಸರಿನೊಳಗಿನ ಕೂದಲೆಳೆಯಂಥ ತಂತಿಗೆ ಎಣ್ಣೆ, ಎಣ್ಣೆಗೆ ದೂಳು. ಅವಳು ಕೈ ತಾಗಿಸದೆ ಸ್ಪ್ರೇ ಹೊಡೆದು ತೊಳೆದು, ಒಣಗಲು ಬಿಟ್ಟು, ಹೊಸ ಫಿಲ್ಟರ್ ಹಾಕಿದಳು. ಇಬ್ಬರೂ ಮತ್ತೆ ಏರು ಹತ್ತಿ ಬಂದರು, ದೀಪ ಹತ್ತಲಿಲ್ಲ. ಸರಿಯಾದಂತಿದೆ, ಆದರೆ ತಂತಿಯೇ ಸುಟ್ಟಿದ್ದರೆ ನಾಳೆ ಗೊತ್ತಾಗುತ್ತದೆ, ಬೆಳಗ್ಗೆ ಫೋನ್ ಹತ್ತಿರವೇ ಇಟ್ಟುಕೊಂಡಿರುತ್ತೇನೆ ಎಂದಳು. ಆ "ಆದರೆ"ಯನ್ನು ಹೊತ್ತುಕೊಂಡೇ ಅವನು ಮನೆಗೆ ಬಂದ.

ಶನಿವಾರ ಬೆಳಗ್ಗೆ ಸಿರಸಂಗಿಯಲ್ಲಿ ಪದ್ಮವ್ವನ ಗಂಡ ಕಾಡಪ್ಪ ಅವಳನ್ನು ಹಿಡಿದು ಕೂರಿಸಿದ. ಅವಳ ಕಾಲು ಬಾತಿದ್ದವು. ಬಾಬಾಜಾನ ಒಂದು ಕಣ್ಣು ರಸ್ತೆಗೆ, ಒಂದು ಕಣ್ಣು ಮೀಟರಿಗೆ ಇಟ್ಟು ಓಡಿಸಿದ. ಏರು ಬರುವ ಮೊದಲೇ ಬಾಯಿ ಬಿಟ್ಟ. ಮಂಗಳವಾರ ಕೆಟ್ಟದ್ದು ಡೀಸೆಲ್ ಅಲ್ಲ, ನಾನೇ ಎಂದು ಮೊದಲಿನಿಂದ ಕೊನೆತನಕ ಹೇಳಿದ. ರೇಣು ಕೇಳಿದಾಗ ಸುಳ್ಳು ಹೇಳಿದ್ದನ್ನೂ ಬಿಡಲಿಲ್ಲ. ಕನ್ನಡಿಯಲ್ಲಿ ಅವಳು ಮಡಿಲಿನ ಚೀಲ ಒತ್ತಿ ಹಿಡಿದು ಕಿಟಕಿಯ ಕಡೆ ತಿರುಗಿದ್ದು ಕಂಡಿತು. ಗಾಡಿ ಏರು ಹತ್ತಿತು, ದೀಪ ಕಣ್ಣು ತೆರೆಯಲಿಲ್ಲ. ಸವದತ್ತಿ ದಾಟಿತು. ಅವಳಿಗೆ ಸಿಟ್ಟು ಬಂದಿದೆ, ಬರಲೇಬೇಕಾದದ್ದು ಎಂದುಕೊಂಡ.

ಧಾರವಾಡ ಇನ್ನೇನು ಬಂತು ಎನ್ನುವಾಗ ಅವಳು ಚೀಲದಿಂದ ಒಂದು ಬಾಟಲಿ ತೆಗೆದಳು. ಕಂದು ಬಣ್ಣದ ಕಷಾಯ.

"ನಮ್ಮೂರಾಗ ನಾಟಿ ಔಷಧಾ ಕೊಡೂ ಕೆಂಚವ್ವ ಕೊಟ್ಟಾಳ್ರಿ ಅಣ್ಣಾರ. ಇಪ್ಪತ್ತ ದಿನಾ ಆತು, ಕುಡ್ಯಾಕ ಹತ್ತೇನಿ. ಡಾಕ್ಟ್ರು ಕೆಟ್ಟ ರಿಪೋರ್ಟ್ ನೋಡಿ, ಬ್ಯಾರೆ ಔಷಧಾ ತಗೋತೀರೇನಂತ ಎರಡ ಸಲಾ ಕೇಳಿದ್ರು, ಏನೂ ತಗೊಂಡಿಲ್ಲಂದೆ. ಅವರು ಗುಳಿಗಿ ಬದಲಿ ಮಾಡಕೋಂತ ಹೊಂಟಾರ."

ಬಾಬಾಜಾನನಿಗೆ ಕೆಂಚವ್ವನನ್ನು ಬೈಯಬೇಕೆನಿಸಿತು, ಇವಳನ್ನೂ. ಆದರೆ ಫಿಲ್ಟರ್ ನೆನಪಾಯಿತು.

"ನಾನೂ ಮೂರ ಸಲಾ ಏನೂ ಇಲ್ಲ ಅಂದಿದ್ದೆರಿ, ಅಕ್ಕೋರ. ಇವತ್ತ ಹೇಳಿ ಬಿಡ್ರಿ."

ಪ್ರತಿಸಲ ಆಸ್ಪತ್ರೆಯ ಬೇವಿನ ಮರದಡಿ ಗಾಡಿಯಲ್ಲೇ ಕುಳಿತು ಕಾಯುವವನು ಅಂದು ಅವಳ ಚೀಲ ಹಿಡಿದು ಒಳಗೆ ಹೋದ. ನರ್ಸ್ ಎಂದಿನಂತೆ ತೂಕ ನೋಡಿ, ಬರೆದುಕೊಳ್ಳುತ್ತ, ಬೇರೆ ಔಷಧವೇನಾದರೂ ಎಂದು ತಲೆ ಎತ್ತದೆ ಕೇಳಿದಳು. ಪದ್ಮವ್ವ ಬಾಬಾಜಾನನ ಕಡೆ ನೋಡಿದಳು. ಆಮೇಲೆ ಬಾಟಲಿಯನ್ನು ಮೇಜಿನ ಮೇಲಿಟ್ಟು, ಎಷ್ಟು ದಿನದಿಂದ ಎಂಬುದನ್ನೂ ಹೇಳಿದಳು.

ನರ್ಸಿನ ಪೆನ್ನು ನಿಂತಿತು. ಅವಳು ಬಾಟಲಿ ಎತ್ತಿಕೊಂಡು ಡಾಕ್ಟರ ಕೋಣೆಗೆ ಓಡಿದಳು. ಎರಡು ವರ್ಷದಿಂದ ಬಂದು ಹೋಗುತ್ತಿದ್ದ ಪದ್ಮವ್ವ, ಆ ನರ್ಸ್ ಓಡುವುದನ್ನು ನೋಡಿದ್ದು ಅದೇ ಮೊದಲು.