ಕಫೀಲರ ಅಜ್ಜನ ಕೋವಿ

ಇವತ್ತು ಫಿಂಟಾಸಿನ ಗೆಳತಿಯ ಮನೆಯಲ್ಲಿ ಮರದ ಬಾಗಿಲಿಗೆ ಎಣ್ಣೆ ಹಚ್ಚುತ್ತಿದ್ದರು. ಆ ವಾಸನೆಗೆ ಹವಲ್ಲಿಯ ನಮ್ಮ ಹಳೆಯ ಫ್ಲಾಟು ನೆನಪಾಯಿತು.

ಅಪ್ಪ ಗದಗಿನ ಬಡಗಿ, ಈ ಅರಬರ ನಾಡಿನಲ್ಲಿಯೂ ಅದೇ ಕೆಲಸ. ನಾನು ಚಿಕ್ಕವಳಿದ್ದಾಗ ಒಮ್ಮೆ ಅವನ ಕಫೀಲ್, ಎಂದರೆ ವೀಸಾ ಕೊಡಿಸಿದ ಅರಬ ಯಜಮಾನರು, ತಮ್ಮ ಅಜ್ಜನ ಕಾಲದ, ಚಕಮಕಿ ಕಲ್ಲಿನ ಕಿಡಿಯಿಂದ ಗುಂಡು ಹಾರಿಸುವ ಉದ್ದನೆಯ ಕೋವಿಯನ್ನು ದುರಸ್ತಿಗೆ ತಂದುಕೊಟ್ಟರು. ನಳಿಗೆಗೆ ಬಳೆ ತೊಡಿಸಿದಂತೆ ಬೆಳ್ಳಿಯ ಕಟ್ಟುಗಳು. ಬಿರುಕುಬಿಟ್ಟ ಮರದ ಹಿಡಿಯ ತುಂಬ, ಅಕ್ಕಿಕಾಳಿನಷ್ಟು ಸಣ್ಣ ಚಿಪ್ಪಿನ ಚೂರುಗಳನ್ನು ಕೂರಿಸಿ ಮಾಡಿದ ಹೂಬಳ್ಳಿ.

"ಎಂಥಾ ಕೈ ನೋಡವಾ ಇದನ್ನ ಮಾಡಿದವಂದು! ಒಂದು ಚೂರೂ ಎದ್ದಿಲ್ಲ" ಎನ್ನುತ್ತ ಅಪ್ಪ ಹಿಡಿಗೆ ಎಣ್ಣೆ ತಿಕ್ಕುತ್ತಿದ್ದ. ಅವ್ವ ಅಂಗಡಿಗೆ ಹೋಗಿದ್ದಳು. ನಾನು ನಳಿಗೆಯ ತುದಿಗೆ ತುಟಿಯಿಟ್ಟು ಕೊಳಲಿನಂತೆ ಊದುತ್ತಿದ್ದೆ.

ಆಮೇಲೆ ಅಪ್ಪ ನಳಿಗೆಯ ಒಳಗನ್ನು ಒರೆಸಲು ಉದ್ದನೆಯ ಕಡ್ಡಿ ತೂರಿಸಿದ. ಅದು ತಳ ಮುಟ್ಟುವ ಮೊದಲೇ ನಿಂತಿತು. ಕಡ್ಡಿಯನ್ನು ನಳಿಗೆಯ ಹೊರಬದಿಗೆ ಹಿಡಿದು ಅಳೆದು ನೋಡಿದ. ಒಳಗೆ ಹೋದದ್ದು ನಾಲ್ಕು ಬೆರಳು ಕಡಿಮೆ.

"ಸರಿ ಅತ್ಲಾಗ!" ಎಂದು ಕಿರುಚಿ ನನ್ನ ರಟ್ಟೆ ಹಿಡಿದೆಳೆದ. "ಮದ್ದು ತುಂಬೇತಿ ಇದರಾಗ!"

ನಳಿಗೆಗೆ ನೀರು ಸುರಿದು ಬಹಳ ಹೊತ್ತು ನೆನೆಸಿದ ಮೇಲೆ ಕಪ್ಪು ರಾಡಿಯೊಂದಿಗೆ ಸೀಸದ ಗುಂಡು ಹೊರಬಿತ್ತು. ಸಂಜೆ ಬಂದ ಕಫೀಲ್ ಅದನ್ನು ಅಂಗೈಗೆ ಎತ್ತಿಕೊಂಡು ತಿರುಗಿಸಿ ನೋಡಿದರು.

"ಭಾಯಿ," ಎಂದರು ಹರಕು ಹಿಂದಿಯಲ್ಲಿ, "ನನ್ನ ಮೊಮ್ಮಕ್ಕಳು ದಿನಾ ಇದರ ಟ್ರಿಗರ್ ಎಳೆದು ಆಡ್ತಿದ್ರು."

ಅಪ್ಪ ಮತ್ತೆ ನನ್ನ ರಟ್ಟೆ ಹಿಡಿದುಕೊಂಡ.

ಈಗಷ್ಟೇ ಅಪ್ಪನಿಗೆ ಫೋನ್ ಮಾಡಿ, "ಆ ಕೋವಿ ನೆನಪೈತೇನಪ್ಪಾ?" ಎಂದು ಕೇಳಿದೆ.

"ಮೆಲ್ಲಕ ಮಾತಾಡವಾ," ಎಂದ. "ನಿಮ್ಮವ್ವಗ ನಾ ಇನ್ನೂ ಹೇಳಿಲ್ಲ."