ಆತುರವಿಲ್ಲದ ಆನೆ

ಗೆಳೆಯರೇ, ಎಂಬತ್ತು ದಾಟಿದ ನಮ್ಮ ದೊಡ್ಡಪ್ಪನಿಗೆ ನಿಧಾನವಾಗಿ ಬೆಳೆಯುವ ಪ್ರಾಸ್ಟೇಟ್ ಕ್ಯಾನ್ಸರ್. ಆಪರೇಷನ್ನೋ, ರೇಡಿಯೇಷನ್ ಕರೆಂಟು ಕೊಡಿಸುವುದೋ, ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತ ಕಾಯುವುದೋ ಎಂದು ಕೊಯಮತ್ತೂರಿನ ಡಾಕ್ಟರು ಇವತ್ತು ನನ್ನನ್ನೇ ಕೇಳಿದರು, ಪಕ್ಕದಲ್ಲೇ ಕೂತಿದ್ದ ಅವರನ್ನಲ್ಲ. ಮೈ ಅವರದು, ತೀರ್ಮಾನ ನನ್ನದಂತೆ! ಆ ಸಿಟ್ಟಿನಲ್ಲೇ ದೊಡ್ಡಪ್ಪನನ್ನು ಕರೆದುಕೊಂಡು ಊರಿಗೆ ಮರಳಲು ತಾಳವಾಡಿ ಬಸ್ಸು ಹತ್ತಿದೆ.

ಘಾಟಿ ಏರಿದ ಮೇಲೆ, ಮಂಜಿನಲ್ಲಿ ತೇಲುವಂತೆ ಒಂಟಿ ಆನೆ ರಸ್ತೆಗೆ ಅಡ್ಡ ನಿಂತಿತ್ತು. ಡ್ರೈವರ್ ಎಂಜಿನ್ ಆರಿಸಿದರು.

"ಆರನ್ ಒಡಿಯಣ್ಣ!" ಎಂದ ಹಿಂದಿನ ಸೀಟಿನವನು.

"ಕೆಣಕ್‌ಬ್ಯಾಡ ಕಣ್ಲಾ, ಅದ್ಕೇನ್ ಆತ್ರ ಇಲ್ಲ" ಎಂದ ದೊಡ್ಡಪ್ಪ ನನ್ನತ್ತ ತಿರುಗಿದರು. "ನನ್ ಒಳ್ಗಿರದ್ಕೂ ಇಲ್ಲ. ಕುಯ್ಸದು ಬ್ಯಾಡ, ನೋಡ್ಕಂಡಿರವ."

ಆನೆ ಮಂಜಿನಲ್ಲಿ ಕರಗಿತು. ಬಸ್ಸು ಮಾತ್ರ ಹೊರಡಲಿಲ್ಲ, ದೊಡ್ಡಪ್ಪ ಮೂತ್ರಕ್ಕೆ ಇಳಿದಿದ್ದರು. ಹಾರನ್ನಿನವನೂ ಸುಮ್ಮನೆ ಕಾದ. ಅವರು ಆನೆಗಿಂತ ಹೆಚ್ಚು ಹೊತ್ತು ತೆಗೆದುಕೊಂಡರು.