ಎಪ್ಪತ್ತೊಂದಕ್ಕೆ ಲಾಭ

ಡ್ರೈ ಕ್ಲೀನಿಂಗ್ ಅಂಗಡಿಯ ಕೌಂಟರಿನಲ್ಲಿ ಕೂತು, ಬಂದ ಬಟ್ಟೆಗೆಲ್ಲ ನಂಬರಿನ ಬಿಲ್ಲೆ ಚುಚ್ಚುತ್ತಿದ್ದ ಆಕೆಯನ್ನು ಬೀದಿಯವರೆಲ್ಲ ಬಿಲ್ಲೆ ಅಕ್ಕ ಎಂದೇ ಕರೆಯುತ್ತಿದ್ದರು. ನಲವತ್ನಾಲ್ಕು ದಾಟಿದ ಮೇಲೆ ಈ ಬಿಲ್ಲೆ ಅಕ್ಕನಿಗೊಂದು ಹುಚ್ಚು ಹಿಡಿಯಿತು. ಹಿಡಿಸಿದವಳು ಮಗಳೇ, ಅದೂ ತನಗೆ ಗೊತ್ತಿಲ್ಲದೆ.

ಮಗಳು ಪುಟ್ಟಿ ಗೋಡೆ, ಬೆಂಚು, ಅಪ್ಪನ ಕಾರಿನ ಬಾಗಿಲು ಯಾವುದನ್ನೂ ಬಿಡದೆ ಚಿತ್ರ ಗೀಚುತ್ತ ಬೆಳೆದವಳು. ಇವಳು ಡಿಸೈನ್ ಕಾಲೇಜಿಗೇ ಹೋಗುವವಳು ಎಂದು ಮನೆಯಲ್ಲಿ ತೀರ್ಮಾನವಾಗಿಹೋಗಿತ್ತು. ಅವಳನ್ನು ಕೇಳುವುದೊಂದು ಬಾಕಿ ಇತ್ತು, ಅಷ್ಟೆ. ಅಪ್ಪ ಡ್ರೈವಿಂಗ್ ಕಲಿಸುವ ಮೇಷ್ಟ್ರು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲ ಬುಡದಲ್ಲಿದ್ದ ಇನ್ನೊಂದು ಬ್ರೇಕನ್ನು ಒತ್ತಿ ಒತ್ತಿ ಆ ಅಭ್ಯಾಸ ಮನೆಗೂ ಬಂದುಬಿಟ್ಟಿತ್ತು. ಯಾರಾದರೂ ಖರ್ಚಿನ ಮಾತೆತ್ತಿದರೆ ಮೇಜಿನ ಕೆಳಗೆ ಅವನ ಬಲಗಾಲು ತಾನಾಗಿ ನೆಲ ಒತ್ತುತ್ತಿತ್ತು. ಆದರೂ ಮಗಳ ಫೀಸಿಗೆಂದು ಅವನು ವರ್ಷಗಟ್ಟಲೆ ದುಡ್ಡು ಕೂಡಿಟ್ಟಿದ್ದ.

ಸೇರಬಯಸುವವರು ಬಂದು ನೋಡಲೆಂದು ಕಾಲೇಜು ಒಂದು ಭಾನುವಾರ ಬಾಗಿಲು ತೆರೆದಾಗ ಪುಟ್ಟಿಯ ಜೊತೆಗೆ ಬಿಲ್ಲೆ ಅಕ್ಕನೂ ಹೋದಳು. ದೊಡ್ಡದೊಂದು ಹಾಲ್, ಎತ್ತರದ ಕಿಟಕಿಗಳು, ನೆಲದ ತುಂಬ ರಟ್ಟಿನ ಚೂರು. ಅಲ್ಲಿನ ಟೀಚರಮ್ಮ ತಲೆಗೊಂದು ರಟ್ಟಿನ ಹಾಳೆ ಹಂಚಿ, “ಗೋಂದು ಇಲ್ಲ, ಟೇಪೂ ಇಲ್ಲ. ಇದರಲ್ಲಿ ನೀವು ಕೂರೋ ಅಂಥದ್ದೊಂದು ಮಾಡಿ,” ಎಂದರು. ಸುಮ್ಮನೆ ಗೋಡೆಗೊರಗಿ ನಿಂತಿದ್ದ ಬಿಲ್ಲೆ ಅಕ್ಕನ ಕೈಗೂ ಒಂದು ಹಾಳೆ ಬಂತು.

“ಅಯ್ಯೋ, ನಾನು ಬರೀ ಅಮ್ಮ,” ಎಂದಳು.

“ಅಮ್ಮಂದಿರೂ ಕೂರ್ತಾರಲ್ವಾ?” ಎಂದು ಟೀಚರಮ್ಮ ಮುಂದೆ ಹೋದರು.

ಬಿಲ್ಲೆ ಅಕ್ಕ ಮಡಿಸಿದಳು, ಕತ್ತರಿಸಿದಳು, ಸಿಕ್ಕಿಸಿದಳು. ನೋಡುವುದಕ್ಕೆ ಅಂದವಾದ ಒಂದು ಪೀಠವೇ ಆಯಿತು. ಗತ್ತಿನಿಂದ ಕೂತಳು. ಪೀಠ ಒಂದು ಕ್ಷಣ ಯೋಚಿಸಿ ಚಪ್ಪಟೆಯಾಯಿತು. ನೆಲಕ್ಕೆ ಬಿದ್ದವಳಿಗೆ ನಾಚಿಕೆ ಬರುವ ಮೊದಲೇ ನಗು ಬಂತು. ಎಂಥ ನಗು! ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು. ಟೀಚರಮ್ಮ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು, “ಯಾಕೆ ಬಿತ್ತು ಹೇಳಿ?” ಎಂದು ಕೇಳಿದರು.

ಅದೇ ಪ್ರಶ್ನೆ ಅವಳನ್ನು ಕೆಡಿಸಿದ್ದು. ಇಷ್ಟು ವರ್ಷದಲ್ಲಿ ಅವಳ ಕೈಯಲ್ಲಿ ಏನಾದರೂ ಕೆಟ್ಟರೆ ‘ಯಾಕೆ ಕೆಡಿಸಿದೆ’ ಎಂದು ಕೇಳಿದವರುಂಟು. ‘ಯಾಕೆ ಕೆಟ್ಟಿತು’ ಎಂದು ಅಷ್ಟು ಆಸೆಯಿಂದ ಕೇಳಿದವರು ಯಾರೂ ಇರಲಿಲ್ಲ. ಎರಡನೆಯದೂ ಬಿತ್ತು. ಮೂರನೆಯದು ಕಿರುಗುಟ್ಟಿತು, ವಾಲಿತು, ಆದರೆ ನಿಂತಿತು. ಅದರ ಮೇಲೆ ಕೂತ ಬಿಲ್ಲೆ ಅಕ್ಕ ಏಳಲೇ ಒಲ್ಲಳು. ಪುಟ್ಟಿ ತನ್ನ ರಟ್ಟಿನ ಮೇಲೊಂದು ಬೆಕ್ಕಿನ ಚಿತ್ರ ಬರೆದು, ಆಗಲೇ ಮೂರು ಸಲ ಆಕಳಿಸಿದ್ದಳು.

ವಾಪಸು ಬರುವಾಗ ಬಸ್ಸಿನಲ್ಲಿ ಪುಟ್ಟಿ ಮೆಲ್ಲಗೆ ಬಾಯಿ ಬಿಟ್ಟಳು. “ಅಮ್ಮಾ, ಬೈಯಬೇಡ. ನಂಗೆ ಚಿತ್ರ ಬರೆಯೋದು ಇಷ್ಟ, ಯಾರಾದ್ರೂ ಬರಿ ಅಂದ್ರೆ ಕಷ್ಟ. ಲಿಫ್ಟ್ ರಿಪೇರಿ ಕೆಲಸ ಕಲಿಸ್ತಾರಂತೆ, ಕಲಿಯೋವಾಗ್ಲೇ ಸಂಬಳ. ನಾನಲ್ಲಿಗೆ ಹೋಗ್ಲಾ?”

“ಹೋಗು,” ಎಂದಳು ಬಿಲ್ಲೆ ಅಕ್ಕ. ಆಮೇಲೆ ಕಿಟಕಿಯ ಕಡೆ ತಿರುಗಿಕೊಂಡು, “ಹಾಗಾದ್ರೆ ಆ ಸೀಟು ಖಾಲಿ,” ಎಂದಳು.

ಪುಟ್ಟಿಗೆ ಅರ್ಥವಾಗಲು ಎರಡು ಸ್ಟಾಪು ಹಿಡಿಯಿತು.

ಊಟಕ್ಕೆ ಕೂತಾಗ ಸುದ್ದಿ ಹೊರಬಿತ್ತು. ಮೇಜಿನ ಕೆಳಗೆ ಬಲಗಾಲು ಎಷ್ಟು ಜೋರಾಗಿ ಒತ್ತಿತೆಂದರೆ ಲೋಟದ ನೀರು ಕುಲುಕಿತು. ಮೇಷ್ಟ್ರು ಬೈಯುವ ಜಾಯಮಾನದವನಲ್ಲ, ಲೆಕ್ಕ ಹಾಕುವವನು. ಎರಡು ವರ್ಷದ ಫೀಸು, ಅಷ್ಟು ದಿನ ಬಾರದ ಅಂಗಡಿಯ ಸಂಬಳ, ಓದಿ ಮುಗಿಸಿದ ಮೇಲೆ ಹೊಸಬರಿಗೆ ಕೊಡುವ ಚಿಲ್ಲರೆ ಸಂಬಳ ಎಲ್ಲವನ್ನೂ ಕೂಡಿ ಕಳೆದು ತಲೆ ಎತ್ತಿದ.

“ಹಾಕಿದ ದುಡ್ಡು ಹುಟ್ಟಿ ಲಾಭ ಶುರುವಾಗೋದು ನಿನ್ನ ಎಪ್ಪತ್ತೊಂದನೇ ವಯಸ್ಸಿಗೆ ಕಣೇ.”

“ಒಳ್ಳೇದಾಯ್ತು ಬಿಡಿ. ಅಲ್ಲಿವರೆಗೆ ಗಟ್ಟಿಯಾಗಿರೋಕೆ ಒಂದು ಕಾರಣ ಸಿಕ್ತು.”

“ತಮಾಷೆ ಅಲ್ಲ ಕಣೇ.”

“ನಾನೆಲ್ಲಿ ತಮಾಷೆ ಮಾಡ್ದೆ ರೀ?” ಎಂದಳು. ಆದರೆ ನಗು ತಡೆಯಲಾಗದೆ ತುತ್ತು ನೆತ್ತಿಗೆ ಹತ್ತಿತು. ಮಗಳು ಬೆನ್ನು ತಟ್ಟಬೇಕಾಯಿತು.

ಮೇಷ್ಟ್ರು ನ್ಯಾಯಸ್ಥ. ಅದೇ ಕಾಲೇಜಿನಲ್ಲಿ ಓದಿದ ಇಬ್ಬರು ಅವನ ಬಳಿ ಡ್ರೈವಿಂಗ್ ಕಲಿತಿದ್ದರು. ಅವರನ್ನೇ ಕೇಳೋಣವೆಂದು ಹೆಂಡತಿಯನ್ನು ಪಾಠದ ಕಾರಿನಲ್ಲಿ ಕೂರಿಸಿಕೊಂಡು ಹೊರಟ. ಮೊದಲನೆಯವಳು ಅಡಿಗೆ ಪಾತ್ರೆಗಳ ಹಿಡಿಕೆ ವಿನ್ಯಾಸ ಮಾಡುವವಳು. ಕೈತುಂಬ ಸಂಬಳ, ಬಾಲ್ಕನಿ ಇರುವ ಮನೆ. “ಕಣ್ಣುಮುಚ್ಚಿ ಸೇರಿ,” ಎಂದಳು. ಬಿಲ್ಲೆ ಅಕ್ಕ ಮೆಟ್ಟಿಲನ್ನು ಎರಡೆರಡಾಗಿ ಇಳಿದಳು.

ಎರಡನೆಯವನು ಸೈಕಲ್ ರಿಪೇರಿ ಅಂಗಡಿಯಲ್ಲಿ ಸಿಕ್ಕಿದ. ಮೊಣಕೈವರೆಗೆ ಗ್ರೀಸು. “ಓದಿಗೆ ಮಾಡಿದ ಸಾಲ ಇನ್ನೂ ತೀರಿಲ್ಲಮ್ಮ. ನನ್ನ ಜೊತೆ ಓದಿದವ್ರಲ್ಲಿ ಅರ್ಧ ಜನ ಬೇರೆ ಬೇರೆ ಕೆಲಸದಲ್ಲಿದ್ದಾರೆ. ಸಾಲ ಮಾಡಿ ಮಾತ್ರ ಸೇರಬೇಡಿ,” ಎಂದ. ಕೈಯಲ್ಲಿದ್ದ ಚಕ್ರವನ್ನು ಒಂದು ಸುತ್ತು ತಿರುಗಿಸಿ, “ಆದ್ರೆ ಆ ಎರಡು ವರ್ಷ ಬೆಳಗ್ಗೆ ಎದ್ದೇಳೋಕೆ ಅಲಾರಂ ಬೇಕಿರಲಿಲ್ಲ,” ಎಂದ.

ಮನೆಗೆ ಬರುವಷ್ಟರಲ್ಲಿ ಬಿಲ್ಲೆ ಅಕ್ಕನ ಉಬ್ಬು ಅರ್ಧ ಇಳಿದಿತ್ತು. ಆ ಹುಡುಗ ಸುಳ್ಳು ಹೇಳಿರಲಿಲ್ಲ. ಮಗಳಿಗೆಂದು ಇಟ್ಟದ್ದನ್ನು ತಾನು ತಿಂದುಬಿಡುತ್ತಿದ್ದೇನೆಯೇ ಎಂಬ ಯೋಚನೆ ಕೊರೆಯುತ್ತಿತ್ತು.

ಬಾಗಿಲಲ್ಲೇ ನಿಂತಿದ್ದ ಪುಟ್ಟಿ, “ನಂಗೆ ಲಿಫ್ಟ್ ಕೆಲಸ ಸಿಕ್ತು. ನನ್ನ ಫೀಸಿನ ದುಡ್ಡು ಅಮ್ಮಂಗೆ. ಒಂದೇ ಷರತ್ತು,” ಎಂದಳು.

“ಏನು?”

“ಕ್ಲಾಸಿಗೆ ಚಕ್ಕರ್ ಹೊಡೆಯೋ ಹಾಗಿಲ್ಲ. ಪೋಷಕರ ಸಭೆಗೆ ನಾನೇ ಬರ್ತೀನಿ.”

ಮೇಷ್ಟ್ರು ಕಾರಿನ ಕೀ ಹಿಡಿದು ನಿಂತೇ ಇದ್ದ. “ಶನಿವಾರ ಅಂಗಡಿ ಕೆಲಸ ಬಿಡಬೇಡ. ಹಾಗಾದ್ರೆ ಅರವತ್ತೊಂಬತ್ತಕ್ಕೆ ಬರುತ್ತೆ,” ಎಂದ. ಅದು ಅವನ ಒಪ್ಪಿಗೆ. ಬಿಲ್ಲೆ ಅಕ್ಕ ಬೀದಿಯಲ್ಲೇ ಅವನ ಕೈ ಹಿಡಿದು ಒಂದು ಸುತ್ತು ತಿರುಗಿಸಿಬಿಟ್ಟಳು. ಎದುರುಮನೆಯವರು ಪರದೆ ಸರಿಸಿ ನೋಡಿದರು.

ಓದು ಹೂವಿನ ಹಾಸಿಗೆಯೇನೂ ಆಗಿರಲಿಲ್ಲ. ಕಂಪ್ಯೂಟರ್ ಅವಳನ್ನು ಅಳಿಸಿತು, ಗರಗಸ ಬೆರಳು ಕೊಯ್ದಿತು. ಸಹಪಾಠಿಗಳು ಮೊದಲು ಆಂಟಿ ಎಂದರು, ಮೂರನೇ ತಿಂಗಳಿಗೆ ಅವರೂ ಬಿಲ್ಲೆ ಅಕ್ಕ ಎನ್ನತೊಡಗಿದರು. ಪೋಷಕರ ಸಭೆ ಎಂಬುದು ಆ ಕಾಲೇಜಿನಲ್ಲಿ ಇರಲೇ ಇಲ್ಲ. ಆದರೂ ಪುಟ್ಟಿ ಕೆಲಸದ ಬಟ್ಟೆಯಲ್ಲೇ ಒಂದು ದಿನ ಟೀಚರಮ್ಮನ ಮುಂದೆ ಹಾಜರಾಗಿ, “ನಮ್ಮಮ್ಮ ಹೇಗೆ ಓದ್ತಿದ್ದಾರೆ?” ಎಂದು ವಿಚಾರಿಸಿದಳು.

“ಮಾತು ಜಾಸ್ತಿ,” ಎಂದರು ಟೀಚರಮ್ಮ.

ಓದು ಮುಗಿದ ಮೇಲೆ ಏಳೆಂಟು ತಿಂಗಳು ಅವಳಿಗೆ ಯಾರೂ ಕೆಲಸ ಕೊಡಲಿಲ್ಲ. ಆ ದಿನಗಳಲ್ಲಿ ಲಾಭದ ವಯಸ್ಸು ಎಪ್ಪತ್ತೈದರ ಹತ್ತಿರ ಹೋಗಿ ಬಂತು. ಕೊನೆಗೆ ಆಸ್ಪತ್ರೆಗಳಿಗೆ ಬೆಂಚು, ಕುರ್ಚಿ ಮಾಡಿಕೊಡುವ ಸಣ್ಣದೊಂದು ಕಂಪನಿ ಅವಳನ್ನು ಕರೆಯಿತು. ಸಂಬಳ ಅಂಗಡಿಯದಕ್ಕಿಂತ ತುಸು ಹೆಚ್ಚು, ಕುಣಿದಾಡುವಷ್ಟೇನಲ್ಲ. ಅವಳು ಕುಣಿದಳು, ಆ ಮಾತು ಬೇರೆ.

ಅವಳು ನಕ್ಷೆ ಬರೆದ ಬೆಂಚುಗಳು ಮೊದಲ ಸಲ ಒಂದು ಆಸ್ಪತ್ರೆಯ ಪಡಸಾಲೆಯಲ್ಲಿ ಸಾಲಾಗಿ ಕೂತ ದಿನ ಸುಮ್ಮನೆ ನೋಡಿಬರಲು ಹೋದಳು. ಜನ ಕೂರುತ್ತಿದ್ದರು, ಏಳುತ್ತಿದ್ದರು, ಯಾರೂ ಬೆಂಚಿನ ಕಡೆ ನೋಡಲೂ ಇಲ್ಲ. ಅವಳೂ ಒಂದು ತುದಿಯಲ್ಲಿ ಕೂತಳು. ಪಕ್ಕದಲ್ಲಿ ಔಷಧಿ ಚೀಟಿ ಹಿಡಿದ ಮುದುಕಿಯೊಬ್ಬಳು ಬೆನ್ನು ಒರಗಿಸಿ, ಉಸಿರು ಬಿಟ್ಟು, “ಏನೋಪ್ಪ, ಇಲ್ಲಿ ಕೂತ್ರೆ ನಿದ್ದೆ ಬರುತ್ತೆ. ನನ್ನ ನಂಬರ್ ಕೂಗಿದ್ರೆ ಎಬ್ಬಿಸ್ತೀಯಾ ತಾಯಿ?” ಎಂದಳು.

“ಎಬ್ಬಿಸ್ತೀನಜ್ಜಿ, ಮಲ್ಕೊಳ್ಳಿ.”

ಆಫೀಸಿಗೆ ತಡವಾಗುತ್ತಿತ್ತು. ಬಿಲ್ಲೆ ಅಕ್ಕ ಅಲುಗದೆ ಕೂತಳು. ಅಜ್ಜಿ ಸಣ್ಣಗೆ ಗೊರಕೆ ಹೊಡೆಯತೊಡಗಿದಾಗ, ನಗು ಉಕ್ಕಿಬಂದು, ಅವಳನ್ನೆಬ್ಬಿಸಿಬಿಟ್ಟೇನೆಂದು ಸೆರಗನ್ನು ಬಾಯಿಗೆ ಒತ್ತಿಹಿಡಿದಳು.